ಪ್ರಶ್ನೆ ಹಾಕಿದವರ ಪಾಲು

ಡಿಸೈನ್ ಕಾಲೇಜುಗಳಲ್ಲಿ ಸೆಮಿಸ್ಟರ್ ಕೊನೆಗೆ ಕೆಲಸಗಳ ಮೌಲ್ಯಮಾಪನದ ಜ್ಯೂರಿ ನಡೆಯುವಾಗ ಗ್ರಾಫಿಕ್ ಡಿಸೈನ್ ವಿದ್ಯಾರ್ಥಿಯ ಮೇಜಿನ ಮೇಲೆ ಸಾಮಾನ್ಯವಾಗಿ ಎರಡು ವಸ್ತು ಇರುತ್ತವೆ. ಒಂದು, ಮುಗಿದ ಕೆಲಸ; ಪೋಸ್ಟರೋ ಲೋಗೋವೋ ಪುಸ್ತಕದ ಮುಖಪುಟವೋ ಇರಬಹುದು. ಇನ್ನೊಂದು, ದಪ್ಪನೆಯ ಪ್ರೊಸೆಸ್ ಬುಕ್. ಕತ್ತರಿಸಿ ಅಂಟಿಸಿದ ಚಿತ್ರಗಳ ಮೂಡ್ ಬೋರ್ಡ್, ಪುಟದ ತುಂಬ ಪುಟ್ಟ ಪುಟ್ಟ ಸ್ಕೆಚ್‌ಗಳು, ಪ್ರಯತ್ನಿಸಿ ಕೈಬಿಟ್ಟ ಬಣ್ಣಗಳು ಮತ್ತು ಅಕ್ಷರಗಳು, ಯಾಕೆ ಕೈಬಿಟ್ಟದ್ದು ಎಂಬ ಟಿಪ್ಪಣಿ, ಎಲ್ಲ ಅದರಲ್ಲಿರುತ್ತದೆ. ಅಂಕ ಎರಡಕ್ಕೂ ಉಂಟು. ವಿದ್ಯಾರ್ಥಿಯ ತಲೆಯಲ್ಲಿ ಹೊಳಹು ಹುಟ್ಟಿ ಬೆಳೆದ ದಾರಿ ಆ ಪುಸ್ತಕದಲ್ಲಿ ದಾಖಲಾಗಿದೆ ಎಂಬುದು ಎಲ್ಲರೂ ಒಪ್ಪಿಕೊಂಡ ನಂಬಿಕೆ. ಹೆಚ್ಚೆಂದರೆ ನೂರು ವರ್ಷ ವಯಸ್ಸಿನ ನಂಬಿಕೆ ಇದು. ಇದರ ಚರಿತ್ರೆಯನ್ನು ಕೆದಕಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ನಾವು ವಿದ್ಯಾರ್ಥಿಯದು ಎಂದು ಹೇಳುವ ಸೃಜನಶೀಲ ಪ್ರಕ್ರಿಯೆಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಪ್ರಶ್ನೆ ಹಾಕಿದ ಮೇಷ್ಟರದ್ದು. ಏನು ಮಾಡಲು ಹೇಳಿದರು, ಏನನ್ನು ಮುಟ್ಟಬಾರದೆಂದರು, ಬೇಲಿಯನ್ನು ಎಲ್ಲಿ ಹಾಕಿದರು ಎಂಬುದು ಬದಲಾದಾಗಲೆಲ್ಲ ವಿದ್ಯಾರ್ಥಿ ಯೋಚಿಸುವ ರೀತಿಯೂ ಬದಲಾಗಿದೆ. ಈ ಪಾಲನ್ನು ಮರೆತು ಇಡೀ ಪ್ರಕ್ರಿಯೆಯನ್ನು ವಿದ್ಯಾರ್ಥಿಯ ಲೆಕ್ಕಕ್ಕೇ ಬರೆದದ್ದರಿಂದ ಪ್ರೊಸೆಸ್ ಬುಕ್ ಎಷ್ಟೋ ಕಡೆ ಒಂದು ಶಾಸ್ತ್ರವಾಗಿ ಉಳಿದುಬಿಟ್ಟಿದೆ.

ಶುರುವಿನಲ್ಲಿ ಪ್ರಶ್ನೆಯೂ ಉತ್ತರವೂ ಒಂದೇ ಆಗಿದ್ದವು. ಲಂಡನ್ನಿನಲ್ಲಿ 1837ರಲ್ಲಿ ಸರ್ಕಾರಿ ಡಿಸೈನ್ ಶಾಲೆ ತೆರೆದದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ, ಫ್ರಾನ್ಸಿನ ಬಟ್ಟೆ ಮತ್ತು ಪಿಂಗಾಣಿಯ ಮುಂದೆ ಇಂಗ್ಲೆಂಡಿನ ಮಾಲು ಸಪ್ಪೆಯಾಗಿ ಕಾಣುತ್ತಿದ್ದ ಕಾರಣಕ್ಕೆ. ಮುಂದೆ ಹೆನ್ರಿ ಕೋಲ್ ಆಡಳಿತ ವಹಿಸಿಕೊಂಡ ಮೇಲೆ, 1850ರ ದಶಕದಲ್ಲಿ, ರಿಚರ್ಡ್ ರೆಡ್‌ಗ್ರೇವ್ ಇಡೀ ದೇಶಕ್ಕೆ ಒಂದೇ ಪಠ್ಯಕ್ರಮ ಮಾಡಿದ. ಅದರಲ್ಲಿ 23 ಹಂತಗಳಿದ್ದವು. ಮೊದಲು ಸ್ಕೇಲು ಕೈವಾರ ಹಿಡಿದು ಗೆರೆ, ಆಮೇಲೆ ಅಚ್ಚಾದ ಮಾದರಿ ನೋಡಿ ಬರಿಗೈಯಲ್ಲಿ ಗೆರೆ, ಆಮೇಲೆ ನೆರಳು, ಆಮೇಲೆ ಪ್ಲಾಸ್ಟರ್ ಗೊಂಬೆ. ಸ್ವಂತವಾಗಿ ವಿನ್ಯಾಸ ಮಾಡುವ ಅವಕಾಶ ಸಿಗುತ್ತಿದ್ದದ್ದು ಕೊನೆಯ ಎರಡು ಹಂತಗಳಲ್ಲಿ. ಅಲ್ಲಿಯ ತನಕ ತಲುಪುವವರು ಕಡಿಮೆ. ಒಂದೇ ಚಿತ್ರಕ್ಕೆ ಚುಕ್ಕಿ ಇಟ್ಟು ನೆರಳು ಕೂರಿಸುತ್ತ, ಜಾಸ್ತಿಯಾದದ್ದನ್ನು ಬ್ರೆಡ್ಡಿನ ಚೂರಿನಿಂದ ಒರೆಸುತ್ತ, ತಿಂಗಳುಗಟ್ಟಲೆ ಕಳೆದ ವಿದ್ಯಾರ್ಥಿಗಳಿದ್ದರು. ಇಲ್ಲಿ ಪ್ರಕ್ರಿಯೆ ಎಂಬುದನ್ನು ಯಾರೂ ಕೇಳುತ್ತಿರಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಎದುರಿಗಿರುವ ಮಾದರಿಗೂ ಕಾಗದದ ಮೇಲಿನ ಗೆರೆಗೂ ಎಷ್ಟು ವ್ಯತ್ಯಾಸ ಎಂದು ಅಳೆದರೆ ಅಂಕ ಸಿದ್ಧ.

ನಮ್ಮ ದೇಶಕ್ಕೆ ಬಂದದ್ದು ಈ ಪದ್ಧತಿಯೇ. ಮದರಾಸಿನಲ್ಲಿ 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಶುರುಮಾಡಿದ ಶಾಲೆ, ಕಲ್ಕತ್ತೆಯ 1854ರ ಶಾಲೆ, ಬೊಂಬಾಯಿಯ 1857ರ ಜೆ.ಜೆ. ಶಾಲೆ, ಇವೆಲ್ಲವೂ ಬೇರೆ ಬೇರೆ ಪ್ರಮಾಣದಲ್ಲಿ ಲಂಡನ್ನಿನ ನೆರಳಿನಲ್ಲಿ ನಡೆದವು. ಕರ್ನಾಟಕದಲ್ಲಿ ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ಟಿದವರಿಗೆ ಆ ನೆರಳಿನ ಪರಿಚಯ ಚೆನ್ನಾಗಿಯೇ ಇರುತ್ತದೆ. ವಸ್ತುಚಿತ್ರ, ಜ್ಯಾಮಿತಿ, ನೆನಪಿನ ಚಿತ್ರ, ವಿನ್ಯಾಸ ಎಂದು ಪತ್ರಿಕೆಗಳನ್ನು ವಿಂಗಡಿಸಿದ ಮನಸ್ಸು ಅಲ್ಲಿಯದೇ. ಇದನ್ನು ಗೇಲಿ ಮಾಡುವುದು ಸುಲಭ, ಆದರೆ ಅದು ನ್ಯಾಯವಲ್ಲ. ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರು 1919ರಲ್ಲಿ ಕಲಾಮಂದಿರ ಕಟ್ಟಿದಾಗ ಚಿತ್ರ ಬರೆಯುವುದನ್ನು ಕ್ರಮವಾಗಿ ಕಲಿಸುವ ಜಾಗಗಳೇ ಈ ಕಡೆ ವಿರಳವಾಗಿದ್ದವು. ಚಂದಮಾಮದ ಚಿತ್ರಗಳಿಂದ ಮನೆಮನೆಗೆ ಪರಿಚಿತರಾದ ಎಂ.ಟಿ.ವಿ. ಆಚಾರ್ಯರು ಮುಂದೆ ಬೆಂಗಳೂರಿನಿಂದ ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಅಂಚೆಯ ಪಾಠದಲ್ಲಿ ಮೇಷ್ಟರು ಪಕ್ಕದಲ್ಲಿ ಕೂತಿರುವುದಿಲ್ಲ, ಬೆನ್ನ ಹಿಂದೆ ನಿಂತು ಗೆರೆ ತಿದ್ದುವುದಿಲ್ಲ. ಲಕೋಟೆಯಲ್ಲಿ ಬಂದ ಪಾಠ ಮತ್ತು ಅಭ್ಯಾಸವೇ ಶಾಲೆ. ಪ್ರಶ್ನೆಯನ್ನು ಹೇಗೆ ಬರೆದಿದ್ದಾರೆ ಎಂಬುದರ ಮೇಲೆ ಕಲಿಕೆ ಎಷ್ಟರಮಟ್ಟಿಗೆ ನಿಂತಿದೆ ಎಂಬುದಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ಸಿಗುವುದು ಕಷ್ಟ.

ಕಲಾಮಂದಿರ ಶುರುವಾದ ವರ್ಷವೇ ಜರ್ಮನಿಯ ವೈಮಾರ್‌ನಲ್ಲಿ ವಾಲ್ಟರ್ ಗ್ರೋಪಿಯಸ್ ಬೌಹೌಸ್ ಶಾಲೆ ತೆರೆದ. ಅಲ್ಲಿ ಮೊದಲ ತರಗತಿಯನ್ನು ವಹಿಸಿಕೊಂಡ ಯೋಹಾನೆಸ್ ಇಟ್ಟನ್ ಸ್ವಿಟ್ಜರ್ಲೆಂಡಿನವನು, ಪ್ರಾಥಮಿಕ ಶಾಲೆಯ ಮೇಷ್ಟರಾಗಲು ತರಬೇತಿ ಪಡೆದವನು. ಈ ವಿವರ ಮುಖ್ಯ. ಮಕ್ಕಳಿಗೆ ಮರದ ತುಂಡು, ಕಾಗದ, ದಾರ ಕೊಟ್ಟು ಆಟದಲ್ಲೇ ಆಕಾರ ಕಲಿಸುವ ಫ್ರೋಬೆಲ್ ಪದ್ಧತಿ ಅವನಿಗೆ ಗೊತ್ತಿತ್ತು. ಅದನ್ನೇ ದೊಡ್ಡವರ ತರಗತಿಗೆ ತಂದ. ಒರಟು ಮತ್ತು ನುಣುಪು, ಹಗುರ ಮತ್ತು ಭಾರ ಇಂಥ ಜೋಡಿಗಳನ್ನು ಹಿಡಿದು ಗುಜರಿ ಸಾಮಾನಿನಿಂದ ಏನಾದರೂ ಕಟ್ಟಿ ತೋರಿಸಿ ಎನ್ನುತ್ತಿದ್ದ. ಇಂಥ ಪ್ರಶ್ನೆಗೆ ಮಾದರಿ ಉತ್ತರ ಇಲ್ಲ. ಆದ್ದರಿಂದ ಮೇಷ್ಟರಿಗೆ ವಿದ್ಯಾರ್ಥಿ ಹೇಗೆ ಇಲ್ಲಿಗೆ ಬಂದ ಎಂದು ಕೇಳದೆ ಬೇರೆ ದಾರಿಯೇ ಉಳಿಯಲಿಲ್ಲ. ಪ್ರಕ್ರಿಯೆ ಎಂಬ ಕುತೂಹಲ ತರಗತಿಯೊಳಗೆ ಕಾಲಿಟ್ಟದ್ದು ಹೀಗೆ, ಪ್ರಶ್ನೆ ಬದಲಾದದ್ದರ ಪರಿಣಾಮವಾಗಿ. ಆದರೆ ಇಟ್ಟನ್ ತನ್ನ ಪ್ರಶ್ನೆಯ ಜೊತೆಗೆ ತನ್ನನ್ನೂ ಕೊಡುತ್ತಿದ್ದ. ತಲೆ ಬೋಳಿಸಿ, ನಿಲುವಂಗಿ ತೊಟ್ಟು, ಪಾಠಕ್ಕೆ ಮೊದಲು ಉಸಿರಾಟದ ವ್ಯಾಯಾಮ ಮಾಡಿಸಿ, ತಾನು ನಂಬಿದ ಮಜ್ದಾಜ್ನಾನ್ ಪಂಥದ ಊಟದ ಪಥ್ಯವನ್ನೂ ಶಿಷ್ಯರಿಗೆ ಹತ್ತಿಸಿದ. ಗುರುವಿಗೆ ಭಕ್ತರು ಹುಟ್ಟಿಕೊಂಡರು, ಗ್ರೋಪಿಯಸ್‌ಗೆ ತಲೆನೋವಾಯಿತು. 1923ರಲ್ಲಿ ಇಟ್ಟನ್ ಹೊರಟುಹೋದ.

ಅವನ ನಂತರ ಮೊಹೊಲಿ-ನಾಜ್ ಜೊತೆ ಈ ತರಗತಿ ತೆಗೆದುಕೊಂಡ ಯೋಸೆಫ್ ಆಲ್ಬರ್ಸ್ ಪ್ರಶ್ನೆಯನ್ನು ಮೇಷ್ಟರ ವ್ಯಕ್ತಿತ್ವದಿಂದ ಬಿಡಿಸಿದ. ಅವನ ಶಿಷ್ಯನೊಬ್ಬ ಮುಂದೆ ನೆನಪಿಸಿಕೊಂಡ ತರಗತಿಯೊಂದು ಡಿಸೈನ್ ಚರಿತ್ರೆಯಲ್ಲಿ ಪ್ರಸಿದ್ಧ. ಆಲ್ಬರ್ಸ್ ಕಂಕುಳಲ್ಲಿ ಹಳೆ ಪತ್ರಿಕೆಗಳ ಕಟ್ಟು ಹಿಡಿದು ಬಂದ, ಎಲ್ಲರಿಗೂ ಹಂಚಿದ. ಈ ಪತ್ರಿಕೆಯನ್ನು ಈಗ ಇರುವುದಕ್ಕಿಂತ ಹೆಚ್ಚಿನದೇನಾದರೂ ಮಾಡಿ, ಕಾಗದದ ಗುಣವನ್ನು ಗೌರವಿಸಿ, ಆದಷ್ಟೂ ಚಾಕು ಕತ್ತರಿ ಗೋಂದು ಬೇಡ ಎಂದು ಹೇಳಿ ಹೊರಟುಹೋದ. ತಿರುಗಿ ಬಂದಾಗ ನೆಲದ ಮೇಲೆ ಕೋಟೆ, ವಿಮಾನ, ಪ್ರಾಣಿ, ಮುಖವಾಡ ಎಲ್ಲ ತಯಾರಾಗಿದ್ದವು. ಅವೆಲ್ಲ ಬೇರೆ ಸಾಮಗ್ರಿಯಲ್ಲಿ ಇನ್ನೂ ಚೆನ್ನಾಗಿ ಆಗುತ್ತಿದ್ದವು ಎಂದು ಬದಿಗೆ ಸರಿಸಿದ ಆಲ್ಬರ್ಸ್, ಹಂಗೇರಿಯ ಹುಡುಗನೊಬ್ಬ ಮಾಡಿದ್ದನ್ನು ಎತ್ತಿ ತೋರಿಸಿದ. ಅವನು ಪತ್ರಿಕೆಯನ್ನು ಉದ್ದಕ್ಕೆ ಮಡಿಸಿ ಮಡಚುವ ತೆರೆಯ ಹಾಗೆ ನಿಲ್ಲಿಸಿದ್ದ, ಅಷ್ಟೇ. ಮೆತ್ತಗಿನ ಕಾಗದ ಒಂದು ಮಡಿಕೆಯಿಂದ ಸೆಟೆದು ತನ್ನ ಸಣ್ಣ ಅಂಚಿನ ಮೇಲೆ ನಿಂತಿತ್ತು. ಮೇಜಿನ ಮೇಲೆ ಮಲಗಿದಾಗ ಒಂದೇ ಮುಖ ಕಾಣುವ ಹಾಳೆಗೆ ಈಗ ಎರಡೂ ಮುಖ ಬಂದಿದ್ದವು. ಕೋಟೆ ಕಟ್ಟಿದವನಿಗೆ ಕಲ್ಪನೆ ಕಡಿಮೆಯಿತ್ತೆಂದು ಹೇಳಲಾಗದು, ಬಹುಶಃ ಹೆಚ್ಚೇ ಇತ್ತು. ಆದರೆ ಪ್ರಶ್ನೆ ಕೇಳಿದ್ದು ಕಾಗದದ ಬಗ್ಗೆ. ಅದು ಹಂಗೇರಿಯ ಹುಡುಗನಿಗೆ ಕೇಳಿಸಿತು. ಕತ್ತರಿ ಮತ್ತು ಗೋಂದನ್ನು ಕಿತ್ತುಕೊಂಡ ಆ ಒಂದು ನಿಯಮ ಇಲ್ಲದಿದ್ದರೆ ಆ ಮಡಿಕೆಯೂ ಹುಟ್ಟುತ್ತಿರಲಿಲ್ಲ.

ಬೌಹೌಸ್ ಕಲಾವಿದರ ಕೃತಿಗಳು 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಪ್ರದರ್ಶನಗೊಂಡವು. ಕ್ಲೀ, ಕಾಂಡಿನ್‌ಸ್ಕಿ, ಇಟ್ಟನ್ ಎಲ್ಲರೂ ಗೋಡೆಯ ಮೇಲೆ ಬಂದರು. ಆ ತರಗತಿಯ ಪ್ರಶ್ನೆ ಹಾಕುವ ಕ್ರಮ ಮಾತ್ರ ಬರಲು ಇನ್ನೂ ನಾಲ್ಕು ದಶಕ ಬೇಕಾಯಿತು. ಆ ನಡುವೆ ಬೌಹೌಸ್ 1933ರಲ್ಲಿ ಮುಚ್ಚಿತು, ಆಲ್ಬರ್ಸ್ ಅಮೆರಿಕಕ್ಕೆ ಹೋಗಿ ಬ್ಲ್ಯಾಕ್ ಮೌಂಟನ್ ಮತ್ತು ಯೇಲ್‌ನಲ್ಲಿ ಕಲಿಸಿದ, ಗ್ರಾಫಿಕ್ ಡಿಸೈನಿನ ಭಾರ ಸ್ವಿಟ್ಜರ್ಲೆಂಡಿನ ಬಾಸೆಲ್ ಕಡೆಗೆ ವಾಲಿತು. ಅಲ್ಲಿ ಆರ್ಮಿನ್ ಹೋಫ್‌ಮನ್ 1947ರಿಂದ ಪಾಠ ಹೇಳಿದ. ಚುಕ್ಕಿ, ಗೆರೆ, ಕಪ್ಪು, ಬಿಳುಪು ಇಷ್ಟನ್ನೇ ಕೊಟ್ಟು ಒಂದೇ ಆಕಾರವನ್ನು ಮತ್ತೆ ಮತ್ತೆ ಕೈಯಿಂದ ಬರೆಸುವುದು ಅವನ ರೀತಿ. ಮೇಲ್ನೋಟಕ್ಕೆ ರೆಡ್‌ಗ್ರೇವ್ ಮತ್ತೆ ಬಂದ ಹಾಗೆ ಕಾಣಬಹುದು. ಹಾಗಲ್ಲ. ರೆಡ್‌ಗ್ರೇವ್‌ನ ಶಾಲೆಯಲ್ಲಿ ನೂರನೆಯ ಚಿತ್ರ ಮೊದಲನೆಯದರ ಹಾಗೆಯೇ ಇರಬೇಕಿತ್ತು. ಬಾಸೆಲ್‌ನಲ್ಲಿ ನೂರನೆಯದು ಉಳಿದ ತೊಂಬತ್ತೊಂಬತ್ತಕ್ಕಿಂತ ಬೇರೆಯಾಗಬೇಕಿತ್ತು. ಸಾಮಗ್ರಿಯನ್ನು ಬಿಗಿ ಮಾಡಿ ಉತ್ತರವನ್ನು ಸಡಿಲ ಬಿಟ್ಟದ್ದೇ ಈ ಪದ್ಧತಿಯ ಗುಟ್ಟು. ಇಂದು ಪ್ರೊಸೆಸ್ ಬುಕ್ಕಿನಲ್ಲಿ ಸಾಲುಸಾಲಾಗಿ ಕಾಣುವ ಪುಟ್ಟ ಸ್ಕೆಚ್‌ಗಳಿಗೆ ಈ ಕಸರತ್ತಿನ ಋಣ ದೊಡ್ಡದು.

ಟಿಪ್ಪಣಿ, ನಕ್ಷೆ, ಸಂಶೋಧನೆ ಎಂಬ ಇನ್ನೊಂದು ಭಾಗ ಬಂದದ್ದು ಬೇರೆ ಮನೆತನದಿಂದ. ಹಿಟ್ಲರನ ವಿರುದ್ಧ ಕರಪತ್ರ ಹಂಚಿ ಪ್ರಾಣ ತೆತ್ತ ಹಾನ್ಸ್ ಮತ್ತು ಸೋಫಿ ಶೋಲ್ ಅವರ ಅಕ್ಕ ಇಂಗೆ ಶೋಲ್, ಡಿಸೈನರ್ ಓಟ್ಲ್ ಐಷರ್ ಮತ್ತು ಬೌಹೌಸಿನ ಹಳೆಯ ವಿದ್ಯಾರ್ಥಿ ಮ್ಯಾಕ್ಸ್ ಬಿಲ್ ಜೊತೆ ಸೇರಿ 1953ರಲ್ಲಿ ಉಲ್ಮ್ ಊರಿನಲ್ಲಿ ಡಿಸೈನ್ ಶಾಲೆ ಶುರುಮಾಡಿದರು. ಯುದ್ಧದ ನಂತರದ ಜರ್ಮನಿಯಲ್ಲಿ ಪ್ರತಿಭೆ, ಸ್ಫೂರ್ತಿ ಎಂಬ ಮಾತುಗಳ ಮೇಲೆ ಅನುಮಾನ ಇದ್ದದ್ದು ಸಹಜ. ಉಲ್ಮ್‌ನಲ್ಲಿ ಅದರ ಜಾಗಕ್ಕೆ ಗಣಿತ, ಸಂಕೇತಶಾಸ್ತ್ರ, ಸಮಾಜಶಾಸ್ತ್ರ ಬಂದವು. ಪ್ರಶ್ನೆ ಕೂಡ ತರಗತಿಯ ಆಚೆಯಿಂದ ಬರತೊಡಗಿತು. ಒಂದರ ಮೇಲೊಂದು ಪೇರಿಸಿಡಬಹುದಾದ ಕ್ಯಾಂಟೀನ್ ತಟ್ಟೆ ಬಟ್ಟಲುಗಳನ್ನು ಹಾನ್ಸ್ ರೋರಿಷ್ಟ್ ಮಾಡಿದ್ದು ತನ್ನ ಡಿಪ್ಲೊಮಾ ಕೆಲಸವಾಗಿ, 1959ರಲ್ಲಿ. ಅದು ಕಾರ್ಖಾನೆಗೆ ಹೋಗಿ ದಶಕಗಳ ಕಾಲ ಬಳಕೆಯಲ್ಲಿತ್ತು. ಲುಫ್ತಾನ್ಸ ವಿಮಾನ ಕಂಪನಿಯ ದೃಶ್ಯ ರೂಪವನ್ನು 1962ರ ಹೊತ್ತಿಗೆ ಐಷರ್ ಮತ್ತು ಅವನ ವಿದ್ಯಾರ್ಥಿ ತಂಡ ಕಟ್ಟಿತು. ಇಂಥ ಕೆಲಸದಲ್ಲಿ ಯಾಕೆ ಹೀಗೆ ಎಂದು ಗಿರಾಕಿಗೆ ಒಪ್ಪಿಸಬೇಕಾಗುತ್ತದೆ. ಹಂತಹಂತದ ದಾಖಲೆ ಇಲ್ಲಿ ಅವಶ್ಯಕತೆಯಾಯಿತು. ಅದೇ 1962ರಲ್ಲಿ ಲಂಡನ್ನಿನಲ್ಲಿ ಡಿಸೈನ್ ವಿಧಾನಗಳ ಬಗ್ಗೆಯೇ ಒಂದು ಸಮ್ಮೇಳನ ನಡೆಯಿತು. ಎರಡು ವರ್ಷದ ನಂತರ ವಾಸ್ತುಶಿಲ್ಪಿ ಕ್ರಿಸ್ಟಫರ್ ಅಲೆಕ್ಸಾಂಡರ್ ತನ್ನ ಪುಸ್ತಕದಲ್ಲಿ ಗುಜರಾತಿನ ಒಂದು ಹಳ್ಳಿಯ ಅಗತ್ಯಗಳನ್ನು 141 ಎಂದು ಪಟ್ಟಿ ಮಾಡಿ, ಅವುಗಳ ನಂಟನ್ನು ಗಣಿತದಿಂದ ಬಿಡಿಸಲು ಹೊರಟ. ವಿಚಿತ್ರವೆಂದರೆ, ವಿಧಾನದ ಹುಚ್ಚು ಹತ್ತಿಸಿದವರಲ್ಲಿ ಒಬ್ಬನಾದ ಅಲೆಕ್ಸಾಂಡರನೇ 1971ರ ಹೊತ್ತಿಗೆ ಅದರಿಂದ ದೂರ ಸರಿದ. ವಿಧಾನವನ್ನೇ ಒಂದು ವಿಷಯವಾಗಿ ಓದುವವರು ಡಿಸೈನ್ ಮಾಡುವುದನ್ನು ಮರೆತಿದ್ದಾರೆ ಎಂಬುದು ಅವನ ದೂರು. ಕಾಲೇಜುಗಳು ಮಾತ್ರ ಅವನ ಮೊದಲನೆಯ ಮಾತನ್ನು ಹಿಡಿದುಕೊಂಡವು, ಎರಡನೆಯದನ್ನು ಬಿಟ್ಟವು.

ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) ಶುರುವಾದದ್ದು 1961ರಲ್ಲಿ, ಅಮೆರಿಕದ ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಕೊಟ್ಟ 1958ರ ವರದಿಯ ಬೆನ್ನಿಗೆ, ಗೌತಮ್ ಮತ್ತು ಗಿರಾ ಸಾರಾಭಾಯಿ ಅವರ ಆಸ್ಥೆಯಿಂದ. ಅಲ್ಲಿ ಬಾಸೆಲ್ ಮತ್ತು ಉಲ್ಮ್ ಎರಡೂ ಧಾರೆ ಸೇರಿದವು. 1965ರಲ್ಲಿ ಹೋಫ್‌ಮನ್ ಸ್ವತಃ ಬಂದು ಕಲಿಸಿದ. ಇಲ್ಲಿನ ತರಗತಿಯ ಒಂದು ಕೆಲಸವನ್ನು ನೋಡದ ಭಾರತೀಯರು ಒಂದು ತಲೆಮಾರಿನಲ್ಲಿ ಇರಲಾರರು. ದೂರದರ್ಶನ 1976ರಲ್ಲಿ ಆಕಾಶವಾಣಿಯಿಂದ ಬೇರ್ಪಟ್ಟಿತು. ಅದಕ್ಕೊಂದು ಲಾಂಛನ ಬೇಕಾಗಿತ್ತು. ಎನ್‌ಐಡಿಯ ಮೇಷ್ಟರು ವಿಕಾಸ್ ಸತ್ವಳೇಕರ್ ಅದನ್ನು ವಿದ್ಯಾರ್ಥಿಗಳಿಗೆ ಅಭ್ಯಾಸವಾಗಿ ಕೊಟ್ಟರು. ದೇವಾಶಿಶ್ ಭಟ್ಟಾಚಾರ್ಯ ಎಂಬ ವಿದ್ಯಾರ್ಥಿ ಒಂದು ವೃತ್ತದ ಸುತ್ತ ಎರಡು ಬಾಗಿದ ರೂಪಗಳನ್ನು ಬರೆದು ಕಣ್ಣನ್ನು ಸೂಚಿಸಿದರು. ಹಲವು ರಚನೆಗಳ ನಡುವೆ ಅದು ಆಯ್ಕೆಯಾಯಿತು. ತಿರುಗುತ್ತ ತಿರುಗುತ್ತ ಒಂದಾಗುವ ಅದರ ಚಲನೆಯೂ ಅದೇ ಸಂಸ್ಥೆಯಲ್ಲಿ, ಚಿತ್ರದ ಪ್ರತಿಗಳನ್ನು ಕ್ಯಾಮೆರಾ ಕೆಳಗೆ ತಿರುಗಿಸಿ, ಹುಟ್ಟಿತು. ಮಸುಕಾದ ಕಪ್ಪು ಬಿಳುಪು ಪರದೆಯಲ್ಲಿ, ಊರಿನ ಯಾವುದೋ ಆಂಟೆನಾ ಹಿಡಿದ ಅರೆಬರೆ ಸಿಗ್ನಲ್‌ನಲ್ಲೂ ಗುರುತು ಸಿಗಬೇಕು ಎಂಬ ಕಟ್ಟು ಈ ಪ್ರಶ್ನೆಯೊಳಗೇ ಇತ್ತು. ಕಪ್ಪು ಬಿಳುಪಿನಲ್ಲಿ ಚುಕ್ಕಿ ಗೆರೆ ಬರೆದು ಪಳಗಿದ ಕೈಗೆ ಅದು ಹೊಸದಲ್ಲ.

ಇಲ್ಲಿ ಒಂದು ಆಕ್ಷೇಪ ಬರುವುದು ನ್ಯಾಯ. ಅದೇ ಪ್ರಶ್ನೆ ತರಗತಿಯ ಎಲ್ಲರಿಗೂ ಸಿಕ್ಕಿತ್ತು, ಆ ಕಣ್ಣು ಬಂದದ್ದು ಒಬ್ಬರ ಕೈಯಿಂದ; ಹಾಗಿದ್ದಮೇಲೆ ಮೇಷ್ಟರಿಗೇಕೆ ಪಾಲು? ಒಪ್ಪತಕ್ಕ ಮಾತೇ. ಅರ್ಧ ಎಂದು ಹೇಳಿದ್ದು ಅದಕ್ಕೇ. ಪ್ರಶ್ನೆ ಉತ್ತರವನ್ನು ಹೆರುವುದಿಲ್ಲ. ಯಾವ ಉತ್ತರ ಸಾಧ್ಯ, ಯಾವುದು ಅಸಾಧ್ಯ ಎಂಬ ಗಡಿ ಎಳೆಯುತ್ತದೆ. ಗಡಿಯೊಳಗಿನ ಆಯ್ಕೆ ವಿದ್ಯಾರ್ಥಿಯದ್ದೇ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಇಷ್ಟು ಬಿಗಿಯಾದ ಪ್ರಶ್ನೆಗಳಿಂದ ಒಂದೇ ಅಚ್ಚಿನ ವಿದ್ಯಾರ್ಥಿಗಳು ಬರುವುದಿಲ್ಲವೇ? ಬಂದಿದ್ದಾರೆ. ಬಾಸೆಲ್ ಶೈಲಿ ಎಂದು ದೂರದಿಂದಲೇ ಹೇಳಬಹುದಾದ ಪೋಸ್ಟರುಗಳು ಪ್ರಪಂಚದಾದ್ಯಂತ ಬೇಕಾದಷ್ಟಿವೆ. ಆದರೆ ಅದೇ ಬಾಸೆಲ್‌ಗೆ 1964ರಲ್ಲಿ ಕಲಿಯಲು ಬಂದ ವೋಲ್ಫ್‌ಗಾಂಗ್ ವೈನ್‌ಗಾರ್ಟ್ ಸೀಸದ ಅಚ್ಚುಮೊಳೆಗಳನ್ನು ಹಿಡಿದು ಆ ಶಾಲೆಯ ಶಿಸ್ತನ್ನೇ ಒಡೆದ, ಅಕ್ಷರಗಳ ನಡುವಿನ ಜಾಗವನ್ನು ಮಿತಿ ಮೀರಿ ಎಳೆದ, ಗೆರೆಗಳನ್ನು ಮೆಟ್ಟಿಲು ಮಾಡಿದ. 1968ರಲ್ಲಿ ಅದೇ ಶಾಲೆ ಅವನನ್ನು ಮೇಷ್ಟರಾಗಿ ಇಟ್ಟುಕೊಂಡಿತು. ಒಡೆಯಲು ಗಟ್ಟಿಯಾದ ಗೋಡೆ ಬೇಕು. ನಿಮಗೆ ಇಷ್ಟವಾದ ವಿಷಯದ ಮೇಲೆ ಪೋಸ್ಟರ್ ಮಾಡಿ ಎಂಬ ಅಸೈನ್‌ಮೆಂಟಿನಲ್ಲಿ ಅಂಥ ಗೋಡೆ ಇಲ್ಲ. ವಿದ್ಯಾರ್ಥಿ ಆಗ ಇಂಟರ್ನೆಟ್ಟಿನಲ್ಲಿ ಚೆಂದ ಕಂಡದ್ದನ್ನು ಮೂಡ್ ಬೋರ್ಡಿಗೆ ಅಂಟಿಸುತ್ತಾನೆ, ಮೂಡ್ ಬೋರ್ಡನ್ನು ನೋಡಿ ಪೋಸ್ಟರ್ ಮಾಡುತ್ತಾನೆ. ಇದು ಮಾದರಿ ನೋಡಿ ಬರೆಯುವ ಕಾಲಕ್ಕೇ ಹಿಂತಿರುಗಿದ ಹಾಗೆ, ಒಂದು ವ್ಯತ್ಯಾಸದೊಂದಿಗೆ: ರೆಡ್‌ಗ್ರೇವ್‌ನ ವಿದ್ಯಾರ್ಥಿಗೆ ತಾನು ನಕಲು ಮಾಡುತ್ತಿದ್ದೇನೆ ಎಂಬುದು ತಿಳಿದಿತ್ತು.

ಪ್ರೊಸೆಸ್ ಬುಕ್ಕಿನ ಮೇಲೆ ಅನುಮಾನ ಬರಲು ಇನ್ನೊಂದು ಕಾರಣ ವೃತ್ತಿಯ ಒಳಗೇ ಇದೆ. ಯೇಲ್‌ನಲ್ಲಿ ದೀರ್ಘ ಕಾಲ ಪಾಠ ಹೇಳಿದ ಪಾಲ್ ರ್ಯಾಂಡ್, ಐಬಿಎಂ ಲಾಂಛನ ಬರೆದವನು, 1986ರಲ್ಲಿ ಸ್ಟೀವ್ ಜಾಬ್ಸ್‌ನ ನೆಕ್ಸ್ಟ್ ಕಂಪನಿಗೆ ಲೋಗೋ ಮಾಡಿದ. ಒಂದು ಲಕ್ಷ ಡಾಲರ್ ಶುಲ್ಕ. ಆಯ್ಕೆಗೆಂದು ಹಲವು ನಮೂನೆ ಕೊಡುವುದಿಲ್ಲ, ಒಂದೇ ಪರಿಹಾರ ಎಂಬುದು ಅವನ ಷರತ್ತು. ಲೋಗೋದ ಜೊತೆಗೆ ಒಂದು ಪುಟ್ಟ ಪುಸ್ತಕ ಕೊಟ್ಟ. ಬೇರೆ ಬೇರೆ ಅಕ್ಷರಗಳಲ್ಲಿ ಹೆಸರು ಬರೆದು, ದೊಡ್ಡಕ್ಷರವೋ ಸಣ್ಣಕ್ಷರವೋ ಎಂದು ಚರ್ಚಿಸಿ, ಒಂದೊಂದೇ ಹೆಜ್ಜೆ ಇಟ್ಟು ಕೊನೆಯ ರೂಪಕ್ಕೆ ಓದುಗರನ್ನು ಕರೆತರುವ ಪುಸ್ತಕ ಅದು. ಆ ಸಾಲು ಕೆಲಸ ನಡೆದ ಸಾಲಲ್ಲ, ವಾದದ ಸಾಲು. ಗಿರಾಕಿಯನ್ನು ಒಪ್ಪಿಸಲು ಆಮೇಲೆ ಜೋಡಿಸಿದ್ದು, ಬಹಳ ಚೆನ್ನಾಗಿ ಜೋಡಿಸಿದ್ದು. ಜ್ಯೂರಿಯ ಹಿಂದಿನ ರಾತ್ರಿ ಕೂತು, ಮುಗಿದ ಕೆಲಸಕ್ಕೆ ಹೊಂದುವಂತೆ ಹಳೆಯ ಸ್ಕೆಚ್‌ಗಳನ್ನು ಹೊಸದಾಗಿ ಬರೆಯುವ ವಿದ್ಯಾರ್ಥಿ ಮಾಡುವುದೂ ಇದನ್ನೇ. ರ್ಯಾಂಡ್ ಅದನ್ನು ವಾದವೆಂದೇ ಮುಂದಿಟ್ಟ. ಕಾಲೇಜು ಅದನ್ನು ದಾಖಲೆ ಎಂದು ಅಂಕ ಕೊಡುತ್ತದೆ.

ಹಾಗಾದರೆ ಪ್ರೊಸೆಸ್ ಬುಕ್ ಬೇಡವೇ ಎಂದು ಕೇಳುವವರಿದ್ದಾರೆ, ಅದರಲ್ಲೂ ನಾಲ್ಕು ಪದ ಟೈಪ್ ಮಾಡಿದರೆ ಎಐ ಸಾಫ್ಟ್‌ವೇರ್ ಪೋಸ್ಟರ್ ಕೊಡುವ ಈ ಹೊತ್ತಿನಲ್ಲಿ. ಕೆಲಸ ವಿದ್ಯಾರ್ಥಿಯದ್ದೇ ಎಂದು ತಿಳಿಯಲು ಇರುವ ಸಾಕ್ಷಿ ಅದೊಂದೇ, ಅದನ್ನೂ ತೆಗೆದರೆ ಮೇಷ್ಟರ ಅಭಿರುಚಿಯೇ ಕಾನೂನಾಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಇಟ್ಟನ್‌ನ ಭಕ್ತಮಂಡಳಿಯನ್ನು ನೆನೆದರೆ ಆ ಭಯ ಸುಳ್ಳಲ್ಲ. ಆದರೆ ಪೋಸ್ಟರನ್ನು ಬರೆಯುವ ಯಂತ್ರ ಮೂಡ್ ಬೋರ್ಡನ್ನೂ ಬರೆಯುತ್ತದೆ, ಕೈಬಿಟ್ಟ ಇಪ್ಪತ್ತು ರೂಪಗಳನ್ನೂ ಅವುಗಳ ಕೆಳಗಿನ ಟಿಪ್ಪಣಿಯನ್ನೂ ಬರೆಯುತ್ತದೆ. ಪುಸ್ತಕ ಇರಲಿ, ಅದರ ಮೊದಲ ಪುಟದಲ್ಲಿ ಪ್ರಶ್ನೆ ಪೂರ್ತಿಯಾಗಿ, ಹಾಕಿದವರ ಹೆಸರಿನ ಸಮೇತ ಇರಲಿ. ಆಗ ಜ್ಯೂರಿ ಎರಡೂ ಕಡೆಯವರನ್ನು ನೋಡುತ್ತದೆ. ಈಗ ಬೌಹೌಸಿನ ಕಾಗದದ ಮಡಿಕೆಗಳು ಮ್ಯೂಸಿಯಮ್ಮಿನಲ್ಲಿವೆ. ಅವನ್ನು ಹುಟ್ಟಿಸಿದ ಪ್ರಶ್ನೆಗಳಲ್ಲಿ ಎಷ್ಟೋ ನಮಗೆ ಸಿಗುವುದು ಶಿಷ್ಯರ ನೆನಪಿನ ಬರಹಗಳಲ್ಲಿ.

ಪ್ರಶ್ನೆಯ ಪಾಲು ಎಷ್ಟು ದೊಡ್ಡದು ಎಂಬುದನ್ನು ಕನ್ನಡದ ಮಟ್ಟಿಗೆ ಪರೀಕ್ಷಿಸಿ ನೋಡಬಹುದು. ಬಾಸೆಲ್‌ನಿಂದ ಬಂದ ಅಕ್ಷರದ ಅಭ್ಯಾಸಗಳೆಲ್ಲ ರೋಮನ್ ಅಕ್ಷರಕ್ಕೆ ಹೊಲಿದವು. ಬೆಂಗಳೂರಿನ ತರಗತಿಯಲ್ಲೂ ಟೈಪೊಗ್ರಫಿ ಎಂದರೆ ಹೆಚ್ಚಾಗಿ ಇಂಗ್ಲಿಷಿನದೇ ಪಾಠ. ಅದೇ ಅಭ್ಯಾಸವನ್ನು ಕನ್ನಡದಲ್ಲಿ ಕೊಟ್ಟು, ರಾಷ್ಟ್ರೋತ್ಥಾನ ಎಂಬ ಪದ ಇರುವ ಮೂರು ಸಾಲಿನ ಶೀರ್ಷಿಕೆಯನ್ನು ಸಣ್ಣ ಚೌಕದಲ್ಲಿ ಕೂರಿಸಿ ಎಂದರೆ ವಿದ್ಯಾರ್ಥಿಯ ಕೆಲಸದ ಕ್ರಮವೇ ತಲೆಕೆಳಗಾಗುತ್ತದೆ. ಷಕಾರದ ಕೆಳಗೆ ಟಕಾರದ ಒತ್ತು, ಅದರ ಪಕ್ಕ ರಕಾರದ ಒತ್ತು, ಮುಂದೆ ತಕಾರಕ್ಕೆ ಥಕಾರದ ಒತ್ತು. ಎಲ್ಲ ಸಾಲಿನಿಂದ ಕೆಳಗಿಳಿದು ಮುಂದಿನ ಸಾಲಿನ ಗುಡಿಸು ಮತ್ತು ತಲೆಕಟ್ಟುಗಳಿಗೆ ತಾಗುತ್ತವೆ. ರೋಮನ್‌ನಲ್ಲಿ ಅಕ್ಷರದ ಗಾತ್ರ ಮೊದಲು ಗೊತ್ತುಮಾಡಿ ಸಾಲಿನ ಅಂತರವನ್ನು ಆಮೇಲೆ ನೋಡುವವರು ಇಲ್ಲಿ ಅಂತರವನ್ನೇ ಮೊದಲು ಗೊತ್ತುಮಾಡಬೇಕು. ಇಲ್ಲವೇ ಒತ್ತು ಬೀಳದ ಜಾಗ ನೋಡಿ ಸಾಲು ಮುರಿಯಬೇಕು. ಇಲ್ಲವೇ ಒತ್ತುಗಳನ್ನು ಚಿಕ್ಕದಾಗಿಸಿ ಅಕ್ಷರವನ್ನೇ ಹೊಸದಾಗಿ ಬರೆಯಬೇಕು. ಮೂರರಲ್ಲಿ ಯಾವುದನ್ನು ಹಿಡಿದರೂ ಅಲ್ಲಿ ನಡೆಯುವ ಯೋಚನೆ ಸ್ವಂತದ್ದು, ಯಾಕೆಂದರೆ ಮೂಡ್ ಬೋರ್ಡಿಗೆ ಅಂಟಿಸಲು ಇದಕ್ಕೆ ಸಿದ್ಧ ಮಾದರಿಗಳು ಹೆಚ್ಚಿಲ್ಲ.